ಸೋಮವಾರ ಸರಿಯದ ಗೂಟ

ಹಲಗೆ ಜಾರಿ ನನ್ನ ಎಡಗಾಲು ಮೊಣಕಾಲ ತನಕ ಕೆಸರಿನೊಳಗೆ ಹೋಯಿತು.

ದೋಣಿಯ ಬಾಗಿಲಲ್ಲಿ ನಿಂತಿದ್ದ ಈರವ್ವ ಕಾಕು ಕೈ ಚಾಚಿದರು. ಅರವತ್ತರ ಹೆಂಗಸು, ನನ್ನಂಥ ಗುಂಡುಕಲ್ಲನ್ನು ಒಂದೇ ಜಗ್ಗಿಗೆ ಮೇಲೆ ತಂದು ನಿಲ್ಲಿಸಿದರು. ಆಮೇಲೆ ಚರಿಗೆಯಲ್ಲಿ ನೀರು ತಂದು ನನ್ನ ಕಾಲಿಗೆ ತಾವೇ ಹಾಕಿದರು. ಬೇಡ ಅಂದರೆ ಕೇಳುವ ಜಾತಿಯಲ್ಲ ಅವರದು.

ನೀರು ಅಂದರೆ ನನಗೆ ಬಕೆಟ್ಟಿನಲ್ಲಿದ್ದರೇ ಚೆಂದ. ಬೆಂಗೇರಿಯ ಹಿಟ್ಟಿನ ಗಿರಣಿಯ ಮೇಲೆ ಒಂದು ಕೋಣೆ ಹಿಡಿದು, ಮದುವೆಗೆ ನಿಂತ ಗಂಡುಗಳು ಕುಡಿಯುತ್ತಾರೋ, ಇಸ್ಪೀಟು ಆಡುತ್ತಾರೋ ಎಂದು ವಿಚಾರಿಸಿ ಹೇಳುವ ಖಾಸಗಿ ಪತ್ತೇದಾರ ನಾನು. ಹೆಸರು ಶಶಿಕಾಂತ. ನನ್ನನ್ನು ಮಲಪ್ರಭೆಯ ಹಿನ್ನೀರಿನ ತನಕ ಎಳೆದು ತರುವ ಶಕ್ತಿ ಒಬ್ಬರಿಗೆ ಮಾತ್ರ ಇತ್ತು. ಆ ಒಬ್ಬರು ಈ ದೋಣಿಯ ಯಜಮಾನ, ಈರವ್ವ ಕಾಕುವಿನ ಗಂಡ ಮಡಿವಾಳಪ್ಪ ಕಾಕಾ, ಮತ್ತು ಅವರೇ ಈಗ ಕಾಣೆಯಾಗಿದ್ದರು.

೧೯೯೭ರ ಮಾರ್ಚ್ ತಿಂಗಳು, ಶುಕ್ರವಾರ, ಬೆಳಿಗ್ಗೆ ಹನ್ನೊಂದು. ಹರಗೋಲು ನಡೆಸುವ ಅರ್ಜುನಪ್ಪ ನಿನ್ನೆಯಿಂದ ಪೋಲೀಸ್ ಠಾಣೆಯಲ್ಲಿದ್ದ. ಮಧ್ಯಾಹ್ನ ಮೂರಕ್ಕೆ ಸಬ್ ಇನ್ಸ್‌ಪೆಕ್ಟರ್ ತ್ರ್ಯಂಬಕ ದೇಸಾಯಿ ಇಲ್ಲಿಗೆ ಬರುತ್ತಾರೆ. ಅಷ್ಟರಲ್ಲಿ ನಾನು ಏನೂ ತೋರಿಸದಿದ್ದರೆ ಅರ್ಜುನಪ್ಪನನ್ನು ಕಾಕಾನ ಕೊಲೆಯ ಆರೋಪದ ಮೇಲೆ ಕೋರ್ಟಿಗೆ ಹಾಜರುಪಡಿಸುತ್ತಾರೆ. ದಂಡೆಯ ಮೇಲೆ ಜಾಲಿಗಿಡದ ನೆರಳಲ್ಲಿ ಅವನ ಹೆಂಡತಿ ಹೊಳೆವ್ವ ಬೆಳಗಿನಿಂದ ಕೂತಿದ್ದಳು. ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಅದು ಅಳುವುದಕ್ಕಿಂತ ಕಷ್ಟವಾಗಿತ್ತು.

"ಮದ್ಲ ತಿನ್ನು, ಆಮ್ಯಾಲ ನಿನ್ನ ಪತ್ತೇದಾರಿ," ಎಂದು ಕಾಕು ತಾಟು ಮುಂದಿಟ್ಟರು. ಕಟಿರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆ.

ತಾಟು ತನ್ನಷ್ಟಕ್ಕೆ ಬಲಗಡೆ ಸರಿಯಿತು. ನಾನು ಹಿಡಿದೆ. ದೋಣಿ ವಾಲಿತ್ತು. ಗುರುವಾರ ನಸುಕಿನಲ್ಲಿ ಪೋಲೀಸರು ಬಂದು, ಯಾರೂ ಏನನ್ನೂ ಮುಟ್ಟಬಾರದು, ಸರಿಸಬಾರದು ಎಂದು ಹೇಳಿ ಹೋದರಂತೆ. ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟ ಕಾಲವಿದು. ಹಿನ್ನೀರು ದಿನಕ್ಕೆ ಐದಾರು ಹೆಜ್ಜೆ ಹಿಂದೆ ಹೋಗುತ್ತದೆ. ನೀರು ಪೋಲೀಸರ ಮಾತು ಕೇಳದೆ ಹಿಂದೆ ಹೋಗಿತ್ತು, ದೋಣಿ ಮಾತು ಕೇಳಿ ಕೆಸರಿನಲ್ಲಿ ಕೂತಿತ್ತು.

ತಿನ್ನುತ್ತ ಸುತ್ತ ನೋಡಿದೆ. ಕಬ್ಬಿಣದ ತಗಡಿನ ಚಪ್ಪಟೆ ತಳ, ಹೊಲಕ್ಕೆ ನೀರೆತ್ತುವ ಪಂಪಿನ ಡೀಸೆಲ್ ಇಂಜಿನ್ನು, ಎರಡು ಮಂಚ, ಒಂದು ಸೀಮೆಎಣ್ಣೆ ಸ್ಟೋವು. ಅಲೆ ಬಂದರೆ ಡಬ್ಬಿ ಬೀಳಬಾರದೆಂದು ಸಾಮಾನಿಡುವ ಪ್ರತಿ ಮಾಡಕ್ಕೂ ಕಟ್ಟಿಗೆಯ ಸಣ್ಣ ಅಂಚು. ಎಲ್ಲ ಕಾಕಾ ಕೈಯಾರೆ ಮಾಡಿದ್ದು. ನೌಕರಿಯಿಂದ ನಿವೃತ್ತರಾದ ವರ್ಷ ಮಾಳಮಡ್ಡಿಯ ಮನೆಯನ್ನು ಮಗಳು ಲಕ್ಷ್ಮೀ ಮತ್ತು ಅಳಿಯ ರಾಜಶೇಖರನಿಗೆ ಬಿಟ್ಟುಕೊಟ್ಟು, ಗಂಡ ಹೆಂಡತಿ ಇಬ್ಬರೂ ಈ ನೀರಿನ ಮೇಲೆ ಬಂದು ಸಂಸಾರ ಹೂಡಿದ್ದರು. ಧಾರವಾಡದ ಅರ್ಧ ಊರು ನಕ್ಕಿತ್ತು. ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ.

ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದ ನಕ್ಷೆ ಇತ್ತು. ನೀಲಿ ಪೆನ್ಸಿಲಿನಲ್ಲಿ ಹಿನ್ನೀರಿನ ಒಂದೊಂದು ಕವಲು, ಒಂದೊಂದು ಹಳ್ಳದ ಬಾಯಿ. ಮಳೆಗಾಲ ಮುಗಿದು ನೀರು ತುಂಬಿದಾಗ ಇಬ್ಬರೂ ಒಂದೊಂದು ಕವಲಿನೊಳಗೆ ಹೋಗಿ, ಇಂಜಿನ್ನು ಬಂದ್ ಮಾಡಿ, ಜಲ್ಲೆಯಿಂದ ಮೆಲ್ಲಗೆ ತಳ್ಳಿಕೊಂಡು ತಿರುಗುತ್ತಿದ್ದರಂತೆ. ನೀರಿನಲ್ಲಿ ಮುಳುಗಿದ ಊರಿನ ಗುಡಿಯ ತುದಿಗೆ ದೋಣಿ ಕಟ್ಟಿ ಉಂಡದ್ದನ್ನು ಕಾಕು ಹೇಳಿದರು. ಯಾರೂ ಇಲ್ಲದ ಕಡೆ ಬರೀ ಕೊಕ್ಕರೆಗಳ ನಡುವೆ ಮೂರು ದಿನ ಇದ್ದದ್ದನ್ನೂ ಹೇಳಿದರು.

"ಮೂವತ್ತು ವರ್ಷ ಮಾಳಮಡ್ಯಾಗ ನಳದ ಮುಂದ ಕೊಡಾ ಹಿಡಕೊಂಡು ಪಾಳಿ ಹಚ್ಚೇನಿ, ಶಶಿ. ಈಗ ಕಣ್ಣು ತೆರೆದ್ರ ಮನಿ ಸುತ್ತ ನೀರು. ದಿನಾ ಮುಂಜಾನೆ ಕೈ ಮುಗದು ಏಳತೇನಿ," ಅಂದರು.

ಎರಡನೇ ರೊಟ್ಟಿ ಹಾಕಿದರು. ಹಿಂಡಿಯ ಖಾರಕ್ಕೆ ನೀರು ಕುಡಿದು ಅದನ್ನೂ ಮುಗಿಸಿದೆ.

ಈ ಮನೆಯ ಅನ್ನ ನನಗೆ ಹೊಸದಲ್ಲ. ಹನ್ನೊಂದು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಕೆಲಸ ಕಲಿಯುತ್ತಿದ್ದೆ, ಕಾಕಾ ಅಲ್ಲಿ ಹಿರಿಯ ಫಿಟ್ಟರು. ಒಂದು ದಿನ ಹಿತ್ತಾಳೆಯ ಸಾಮಾನು ಕಳುವಾಯಿತು. ಎಲ್ಲರ ಬೆರಳೂ ನನ್ನ ಕಡೆ ತಿರುಗಿತು, ಯಾಕೆಂದರೆ ಕೀಲಿ ನನ್ನ ಕೈಯಲ್ಲಿತ್ತು. ಕಾಕಾ ಒಬ್ಬರೇ ಹೋಗಿ ಬಾಗಿಲ ಕೊಂಡಿಯನ್ನು ಅರ್ಧ ತಾಸು ನೋಡಿದರು. ಕೊಂಡಿಯ ಸ್ಕ್ರೂಗಳನ್ನು ಯಾರೋ ಬಿಚ್ಚಿ ಮತ್ತೆ ಹಾಕಿದ್ದರು, ಅದರ ಕಿಟ್ಟದ ಪುಡಿ ನೆಲದ ಮೇಲಿತ್ತು. ಕೀಲಿ ಇದ್ದವನಿಗೆ ಕೊಂಡಿ ಬಿಚ್ಚುವ ಕೆಲಸವೇನು ಎಂದು ಮಾಲೀಕರನ್ನು ಕೇಳಿದರು. ನಾನು ಜೈಲಿಗೆ ಹೋಗಲಿಲ್ಲ. ಆ ರಾತ್ರಿ ಇದೇ ಕಾಕು ಮಾಳಮಡ್ಡಿಯಲ್ಲಿ ನನಗೆ ಉಣ್ಣಲಿಕ್ಕೆ ಬಡಿಸಿದರು. ನೋಡಬೇಕು, ಮುಟ್ಟಬಾರದು, ಆಮೇಲೆ ಎಣಿಸಬೇಕು ಎಂದು ಕಾಕಾ ಅವತ್ತು ಹೇಳಿಕೊಟ್ಟದ್ದರ ಮೇಲೆಯೇ ನನ್ನ ಹೊಟ್ಟೆ ನಡೆದಿದೆ. ಅಂಥ ಮನುಷ್ಯ ಕಾಣದಿದ್ದಾಗ ಬೆಂಗೇರಿಯಲ್ಲಿ ಕೂತು ಯಾವ ಗಂಡಿನ ಇಸ್ಪೀಟು ವಿಚಾರಿಸಲಿ? ಲಕ್ಷ್ಮೀ ನಿನ್ನೆ ಗಿರಣಿಯ ಫೋನಿಗೆ ಕರೆ ಮಾಡಿ ಅತ್ತಳು. ಬಾಣಂತಿ, ಹದಿನಾಲ್ಕು ದಿನದ ಕೂಸು ಮಡಿಲಲ್ಲಿ. ಇವತ್ತಿನ ಮೊದಲ ಬಸ್ಸು ಹತ್ತಿದೆ.

ದಾರಿಯಲ್ಲಿ ಠಾಣೆಗೆ ಹೋಗಿ ದೇಸಾಯಿ ಸಾಹೇಬರನ್ನೂ ಅರ್ಜುನಪ್ಪನನ್ನೂ ಕೇಳಿಕೊಂಡೇ ಬಂದಿದ್ದೆ. ಸಾಹೇಬರ ಲೆಕ್ಕ ಸರಳವಾಗಿತ್ತು. ಅವರು ಕೆಟ್ಟ ಮನುಷ್ಯರಲ್ಲ, ಸ್ವಲ್ಪ ಅವಸರದವರು.

ಮಗಳ ಬಾಣಂತನಕ್ಕೆಂದು ಕಾಕು ಹೋದ ಶನಿವಾರವಲ್ಲ, ಅದರ ಹಿಂದಿನ ಶನಿವಾರ ಮಾಳಮಡ್ಡಿಗೆ ಹೋದರು. ಮೊನ್ನೆ ಬುಧವಾರ ಸಂಜೆ ಅಳಿಯ ರಾಜಶೇಖರ ಅವರನ್ನು ಕರೆದುಕೊಂಡು ಬಂದ. ದೋಣಿ ನೀರಿನಲ್ಲಿ ನೆಟ್ಟಗೆ ನಿಂತಿತ್ತು, ಕಾಕಾ ಇರಲಿಲ್ಲ. ರಾಜಶೇಖರನೇ ಠಾಣೆಗೆ ಹೋಗಿ ದೂರು ಕೊಟ್ಟ. ನೀರು ದಿನಾ ಹಿಂದೆ ಸರಿಯುವಾಗ ದೋಣಿ ನೀರಿನಲ್ಲಿಯೇ ಇರಬೇಕಾದರೆ ದಿನಾ ಬೆಳಿಗ್ಗೆ ಯಾರೋ ಅದನ್ನು ಕಟ್ಟಿದ ಗೂಟ ಕಿತ್ತು ಮುಂದೆ ಹುಗಿಯಬೇಕು. ಎಂದರೆ ಬುಧವಾರ ಬೆಳಿಗ್ಗೆ ತನಕ ಕಾಕಾ ಇಲ್ಲಿದ್ದರು. ಬುಧವಾರ ಮಧ್ಯಾಹ್ನ ಅರ್ಜುನಪ್ಪ ಈ ದೋಣಿಯ ಹತ್ತಿರ ನಿಂತು ಒದರಾಡಿದ್ದನ್ನು ಆಚೆ ದಂಡೆಯ ಜನ ಕೇಳಿದ್ದಾರೆ. ಸಂಜೆಗೆ ಕಾಕಾ ಇಲ್ಲ. ಅರ್ಜುನಪ್ಪನ ಹರಗೋಲಿನಲ್ಲಿ ಕಾಕಾನ ಹಳೆಯ ಚಾಳೀಸು ಕನ್ನಡಕ ಸಿಕ್ಕಿದೆ.

ಅರ್ಜುನಪ್ಪ ಏನು ಹೇಳುತ್ತಾನೆ? ನಿಂತ ದೋಣಿಯ ಪಂಖಕ್ಕೆ ಸಿಕ್ಕು ನನ್ನ ಮೀನಿನ ಬಲೆ ಹರಿದಿತ್ತು, ಕೇಳಲಿಕ್ಕೆ ಹೋಗಿದ್ದೆ, ಎಷ್ಟು ಕೂಗಿದರೂ ಕಾಕಾ ಓಗೊಡಲಿಲ್ಲ, ಸಿಟ್ಟು ಬಂತು, ಬಾಯಿಗೆ ಬಂದದ್ದು ಅಂದೆ. ಚಾಳೀಸು ಕಾಕಾನೇ ಮುರಿದ ಕಾಲು ಹಚ್ಚಿಸಿಕೊಂಡು ಬಾ ಎಂದು ಹಿಂದೆಯೇ ಕೊಟ್ಟಿದ್ದರು, ಮರೆತೆ. ಇದನ್ನು ನಂಬಿದವರು ಇಬ್ಬರು. ಒಬ್ಬಳು ಅವನ ಹೆಂಡತಿ. ಇನ್ನೊಬ್ಬ ನಾನು, ಕೀಲಿ ಕೈಯಲ್ಲಿದ್ದ ಮಾತ್ರಕ್ಕೆ ಕಳ್ಳನಾದವನು.

ಕೈ ತೊಳೆಯಲಿಕ್ಕೆ ಬಾಗಿಲಿಗೆ ಬಂದೆ. ಆಗ ಕಂಡವು ತೂತುಗಳು.

ದೋಣಿಯ ಬಾಗಿಲು ಎತ್ತರದಲ್ಲಿತ್ತು, ದಂಡೆ ನನ್ನ ಮುಂದೆ ಮೇಲಕ್ಕೆ ಏರುತ್ತ ಹರಡಿತ್ತು. ಕಪ್ಪು ಎರೆಮಣ್ಣು ಮೇಲೆ ಮೇಲೆ ಒಣಗಿ ಬಿರಿದಿತ್ತು, ಕೆಳಗೆ ಇನ್ನೂ ಹಸಿ. ಅದರಲ್ಲಿ ಮೇಲಿನ ಕಡಲೆ ಹೊಲದ ಅಂಚಿನಿಂದ ನೀರಿನ ತನಕ ಒಂದೇ ಸಾಲಿನಲ್ಲಿ ತೂತುಗಳು ಇಳಿದು ಬಂದಿದ್ದವು. ಕಾಕಾನ ಗೂಟ ಚೌಕನೆಯ ಸರಳಿನದು, ಅದರ ತೂತೂ ಚೌಕ. ಎಮ್ಮೆ ದನದ ಗೊರಸಿಗೆ ಅಂಥ ಗುರುತು ಬೀಳುವುದಿಲ್ಲ.

ಇಳಿದು ಹೋದೆ. ಈ ಸಲ ಎರಡೂ ಕಾಲು ಕೆಸರಾದವು, ಲಕ್ಷ್ಯ ಕೊಡಲಿಲ್ಲ.

ಈಗ ಗೂಟ ಇರುವ ಜಾಗ ಬುಧವಾರದ್ದು, ಅದರ ಬಗ್ಗೆ ತಕರಾರಿಲ್ಲ. ಅಲ್ಲಿಂದ ಮೇಲಕ್ಕೆ ಎಣಿಸಿದೆ. ಬುಧವಾರ, ಮಂಗಳವಾರ. ಆಮೇಲೆ ಮುಂದಿನ ತೂತು ಇಮ್ಮಡಿ ದೂರದಲ್ಲಿ, ಹತ್ತು ಹನ್ನೆರಡು ಹೆಜ್ಜೆ. ಅಂದರೆ ನಡುವೆ ಒಂದು ದಿನ ಗೂಟ ಸರಿಸಿಲ್ಲ. ಆ ದಿನ ಸೋಮವಾರ.

ಅಲ್ಲಿಂದ ಸರಿಯಾಗಿ ಆರು ತೂತು, ಮತ್ತೆ ಇಮ್ಮಡಿ ದೂರ. ಮತ್ತೆ ಸೋಮವಾರ.

ಅದರ ಮೇಲೆ ಏಳು ತೂತು. ಆಮೇಲೆ ಇಮ್ಮಡಿ ದೂರ. ಅದರ ಮೇಲೆ ಆರು, ಇಮ್ಮಡಿ ದೂರ. ಆರು, ಇಮ್ಮಡಿ ದೂರ. ಅಲ್ಲಿಗೆ ಕಡಲೆ ಹೊಲ ಬಂತು, ಗುರುತು ಮುಗಿಯಿತು.

ಎರಡು ಸಲ ಎಣಿಸಿದೆ. ಹೊಳೆವ್ವ ಎದ್ದು ಬಂದು ನನ್ನ ಹಿಂದೆ ನಿಂತಳು. ಬೆರಳು ಮಡಚಿ ಅವಳಿಗೂ ವಾರಗಳನ್ನು ಹೇಳಿದೆ, ಅವಳೂ ತನ್ನ ಬೆರಳು ಮಡಚಿದಳು. ಇಬ್ಬರ ಲೆಕ್ಕವೂ ಒಂದೇ ಬಂತು. ಮೇಲಿನ ವಾರಗಳಲ್ಲಿ ಗೂಟ ಸರಿಸದ ದಿನ ರವಿವಾರ. ಕೆಳಗಿನ ಎರಡು ವಾರಗಳಲ್ಲಿ ಅದು ಸೋಮವಾರ. ನಡುವಿನ ಏಳು ತೂತು ಆ ಬದಲಾವಣೆಯ ವಾರದ್ದು. ಕಾಕು ಊರಿಗೆ ಹೋದ ಶನಿವಾರದ ಮರುದಿನ, ಎಂದೂ ಸರಿಯದ ರವಿವಾರ, ಗೂಟ ಸರಿದಿತ್ತು.

ಕಾಕಾ ರವಿವಾರ ಸುತ್ತಿಗೆ ಮುಟ್ಟುವವರಲ್ಲ. ಮೂವತ್ತಾರು ವರ್ಷ ಕಾರ್ಖಾನೆಯಲ್ಲಿ ದುಡಿದ ಕೈಗೆ ವಾರಕ್ಕೊಂದು ಸೂಟಿ, ಅದು ರವಿವಾರ. ಮನೆಯಲ್ಲಿ ಕುರ್ಚಿಯ ಕಾಲು ಮುರಿದರೂ ಸೋಮವಾರದ ತನಕ ಕುರ್ಚಿ ಗೋಡೆಗೆ ಆನಿಕೊಂಡು ಕೂರಬೇಕಿತ್ತು. ಶನಿವಾರವೇ ಗೂಟಕ್ಕೆ ಒಂದಿಷ್ಟು ಹಗ್ಗ ಹೆಚ್ಚು ಬಿಟ್ಟು, ರವಿವಾರ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ ರೇಡಿಯೊ ಕೇಳುತ್ತಿದ್ದರು.

ಹಾಗಾದರೆ ಆ ರವಿವಾರದಿಂದ ಇಲ್ಲಿಯ ತನಕ ಗೂಟ ಸರಿಸಿದ್ದು ಕಾಕಾ ಅಲ್ಲ. ಆ ರವಿವಾರಕ್ಕೆ ಕಾಕಾ ಆಗಲೇ ಇಲ್ಲಿರಲಿಲ್ಲ.

ನನಗೆ ಕುಣಿಯಬೇಕೆನಿಸಿತು. ಆ ವಾರ ಶುಕ್ರವಾರ ಮಧ್ಯಾಹ್ನವೇ ಅರ್ಜುನಪ್ಪ ಹೊಳೆವ್ವನ ಜೊತೆ ಗಬ್ಬೂರಿಗೆ ಹೋಗಿದ್ದ, ತಂಗಿಯ ಮಗಳ ಮದುವೆಗೆ. ಸೋಮವಾರ ಸಂಜೆ ತಿರುಗಿ ಬಂದ. ಇನ್ನೂರು ಜನ ಅವನ ಕೈಯಿಂದ ಬುಂದಿ ಬಡಿಸಿಕೊಂಡಿದ್ದಾರೆ. ಕಾಕಾ ಆ ಶುಕ್ರವಾರ ಸಂಜೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಚಹಾ ಕುಡಿದದ್ದನ್ನು ಊರೇ ನೋಡಿದೆ.

ಹೊಳೆವ್ವನಿಗೆ ಇದನ್ನು ಹೇಳಿ ಮುಗಿಸುವುದರೊಳಗೆ ಅವಳು ಬಗ್ಗಿ ನನ್ನ ಕೆಸರುಗಾಲು ಮುಟ್ಟಿದಳು. ನಾಚಿಕೆಯಾಗಿ ಹಿಂದೆ ಸರಿದೆ. ನನ್ನ ಕಾಲಲ್ಲವ್ವ, ಇದನ್ನು ನನಗೆ ಕಲಿಸಿದವರ ಕಾಲು ಮುಟ್ಟಬೇಕು, ಅವರನ್ನು ಮೊದಲು ಹುಡುಕೋಣ ಅಂದೆ. ಮನಸ್ಸಿನೊಳಗೆ ನಾನೂ ಕಾಕಾನಿಗೆ ಕೈ ಮುಗಿದೆ. ತಾವು ಇಲ್ಲದಾಗಲೂ ತಮ್ಮ ಸೂಟಿಯಿಂದ ಒಬ್ಬನನ್ನು ಉಳಿಸುವ ಮನುಷ್ಯ ಅವರು.

ಆದರೆ ತೂತು ತೋರಿಸಿದರೆ ದೇಸಾಯಿ ಸಾಹೇಬರು ಒಪ್ಪುತ್ತಾರೆಯೇ? ಗೂಟ ಸರಿಸಿದವನು ನಾನೇ ಎಂದು ಒಬ್ಬ ಬಾಯಿ ಬಿಟ್ಟು ಹೇಳಬೇಕು. ಇಲ್ಲದಿದ್ದರೆ ಇದು ನೆಲದ ಮೇಲಿನ ತೂತು ಅಷ್ಟೇ.

ಸೋಮವಾರ ಕೈ ಕಟ್ಟಿ ಕೂರುವವರು ಯಾರು? ಈ ಸೀಮೆಯಲ್ಲಿ ಅದನ್ನು ಕೇಳಬೇಕೇ? ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹೊಲಕ್ಕೆ ಹೂಡುವುದಿಲ್ಲ. ಗೂಟಕ್ಕೆ ಸುತ್ತಿದ ಹಗ್ಗವನ್ನು ನೋಡಿದೆ. ದೋಣಿಯವರು ಹಾಕುವ ಗಂಟು ಅದಲ್ಲ, ದನದ ಕೊರಳಿಗೆ ಹಾಕುವ ಕಣ್ಣಿಯ ಗಂಟು.

ಕಡಲೆ ಹೊಲದಲ್ಲಿ ಒಬ್ಬನೇ ಒಬ್ಬ ಗಿಡ ಕೀಳುತ್ತಿದ್ದ. ಊರಿನಿಂದ ಎರಡು ಮೈಲಿ ದೂರದ ಈ ಮೂಲೆಯಲ್ಲಿ ನೀರು ಬಿಟ್ಟುಕೊಟ್ಟ ನೆಲವನ್ನು ಉಳುವವನು ಅವನೊಬ್ಬನೇ, ಗುರುಸಿದ್ಧಪ್ಪ.

ಬದುವಿನ ಮೇಲೆ ಕೂತೆ. ಅವನು ಒಂದು ಹಿಡಿ ಹಸಿ ಕಡಲೆಗಿಡ ನನ್ನ ಕೈಗೆ ಕೊಟ್ಟ. ಸುಲಿದು ತಿನ್ನುತ್ತ ಬೆಳೆ ಹೇಗೆ, ಎತ್ತು ಹೇಗೆ ಎಂದು ವಿಚಾರಿಸಿದೆ. ಈ ಸೋಮವಾರ ಹೊಲಕ್ಕೆ ಬಂದಿದ್ದಿರೋ ಎಂದು ಕೇಳಿದೆ. ಬಂದಿರಲಿಲ್ಲ ಅಂದ, ಅವತ್ತು ಎತ್ತಿನ ಮೈ ತೊಳೆಯುವ ದಿನ.

"ದೋಣಿಗೂ ಸೋಮವಾರ ಸೂಟಿ ಕೊಟ್ರ್ಯಾ, ಗುರುಸಿದ್ಧಪ್ಪಣ್ಣಾರ?"

ಕೀಳುತ್ತಿದ್ದ ಕೈ ನಿಂತಿತು. ಅವನು ಓಡಲಿಲ್ಲ, ಸಿಟ್ಟಾಗಲಿಲ್ಲ. ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ನಾನು ತೂತಿನ ಸಾಲನ್ನು ತೋರಿಸಿದೆ, ಎರಡು, ಆರು, ಏಳು ಎಂದು ಎಣಿಸಿ ಹೇಳಿದೆ. ಅವನು ತನ್ನ ಕೈಕೆಲಸವನ್ನೇ ಮೊದಲ ಸಲ ನೋಡುವವನ ಹಾಗೆ ನೋಡಿದ.

"ಸೋಮವಾರ ಎತ್ತಿನ ಹಗ್ಗಕ್ಕ ಕೈ ಹಚ್ಚಂಗಿಲ್ರಿ. ದೋಣೀದೂ ಹಗ್ಗನ ಅಲ್ಲರಿ. ಮನಸ್ಸು ಬರಲಿಲ್ಲ," ಅಂದ.

ಅವನಿಗೆ ಈ ಮನೆಯವರು ಏನು ಎಂಬುದನ್ನು ಆಮೇಲೆ ತಾನಾಗಿಯೇ ಹೇಳಿದ. ಹೋದ ಶ್ರಾವಣದಲ್ಲಿ ಹಳ್ಳ ತುಂಬಿ ರಸ್ತೆ ಕಟ್ಟಿತ್ತು, ಹೆಂಡತಿಗೆ ಬ್ಯಾನೆ ಶುರುವಾಗಿತ್ತು. ಕಾಕಾ ಮಳೆಯಲ್ಲಿಯೇ ದೋಣಿ ತಂದರು, ಯಾರಿಗೂ ಗೊತ್ತಿಲ್ಲದ ಕವಲುಗಳಲ್ಲಿ ಹಾಯಿಸಿಕೊಂಡು ಆಸ್ಪತ್ರೆಯ ಊರಿನ ಕಡೆ ಹೊರಟರು. ದಾರಿಯಲ್ಲಿಯೇ ಹೆರಿಗೆಯಾಯಿತು, ಕಾಕು ಕೂಸನ್ನು ಎತ್ತಿಕೊಂಡರು. ಮಗಳಿಗೆ ಗಂಗವ್ವ ಎಂದು ಹೆಸರಿಟ್ಟಿದ್ದಾನೆ. ಹೇಳುವಾಗ ಅವನ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ.

ಅಂಥವರ ಮನೆಯ ಋಣದಲ್ಲಿ ನಾನೂ ಇದ್ದೇನೆ ಅಂದೆ. ಆದರೆ ಹೊಳೆವ್ವನ ಗಂಡ ಠಾಣೆಯಲ್ಲಿ ಕೂತಿದ್ದಾನೆ, ಇನ್ನು ಒಂದು ತಾಸಿನಲ್ಲಿ ಜೀಪು ಬರುತ್ತದೆ, ನೀವು ಹೇಳದಿದ್ದರೆ ಮಾಡದ ಕೊಲೆಗೆ ಒಬ್ಬ ಸಿಕ್ಕಿಬೀಳುತ್ತಾನೆ. ಹೊಳೆವ್ವ ಅಲ್ಲಿಯೇ ನಿಂತಿದ್ದಳು. ಗುರುಸಿದ್ಧಪ್ಪ ಅವಳ ಕಡೆ ನೋಡಿ ತಲೆ ಕೆಳಗೆ ಹಾಕಿದ.

"ಗೂಟಾ ಸರಸ್ರಿ ಅಂತ ನಿಮಗ ಹೇಳಿದವ್ರು ಯಾರು? ಕಾಕಾನ ಹೇಳಿ ಹ್ವಾದ್ರ?"

"ಕಾಕಾರು ಅಲ್ರಿ. ಅವರು ಆಗಲೇ ಇರಲಿಲ್ಲ." ರುಮಾಲನ್ನು ಮತ್ತೆ ತಲೆಗೆ ಸುತ್ತುತ್ತ ಹೇಳಿದ. "ಅಕ್ಕಾರು ಬಂದ್ರಿ. ಈರಕ್ಕಾರು. ಶನಿವಾರ ನಸುಕಿನ್ಯಾಗ. ನಾ ತಿರುಗಿ ಬರೂತನಕಾ ದಿನಾ ಗೂಟಾ ಸರಸು, ಕಾಕಾ ದೋಣ್ಯಾಗ ಇಲ್ಲಂತ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಕೈ ಹಿಡಕೊಂಡ್ರು."

ಕೈಯಲ್ಲಿದ್ದ ಕಡಲೆಗಿಡವನ್ನು ಬದುವಿನ ಮೇಲೆ ಇಟ್ಟೆ.

ಶನಿವಾರ ನಸುಕಿನಲ್ಲಿ. ಗಂಡನನ್ನು ದೋಣಿಯಲ್ಲಿ ಬಿಟ್ಟು ಬಂದೆ ಎಂದು ಮಗಳಿಗೆ ಹೇಳಿದವರು, ಅಳಿಯನಿಗೆ ಹೇಳಿದವರು, ಪೋಲೀಸರಿಗೂ ಹೇಳಿದವರು ಅವರೇ. ದೂರು ಕೊಟ್ಟದ್ದು ಅಳಿಯ. ನನ್ನನ್ನು ಕರೆದದ್ದು ಮಗಳು. ಬಂದಾಗಿನಿಂದ ಕಾಕು ನನಗೆ ಉಣ್ಣಲಿಕ್ಕೆ ಹಾಕಿದರು, ಕಾಲಿಗೆ ನೀರು ಹಾಕಿದರು, ನೀರಿನ ಮೇಲಿನ ಮೂರು ವರ್ಷದ ಸುಖ ಹೇಳಿದರು. ನಿಮ್ಮ ಕಾಕಾನನ್ನು ಹುಡುಕಿಕೊಡು ಎಂದು ಒಂದು ಸಲವೂ ಅನ್ನಲಿಲ್ಲ. ನಾನು ಅದನ್ನು ಗಮನಿಸಿರಲಿಲ್ಲ, ಯಾಕೆಂದರೆ ಅವರನ್ನು ಅನುಮಾನಿಸುವ ಕಣ್ಣು ನನಗೆ ಇಲ್ಲ. ಈಗಲೂ ಇಲ್ಲ.

ಹಿಂದೆ ಒಣಮಣ್ಣಿನ ಮೇಲೆ ಹೆಜ್ಜೆ ಕೇಳಿಸಿತು. ಕಾಕು ಹೊಲದ ಅಂಚಿಗೆ ಬಂದು ನಿಂತಿದ್ದರು. ಎಷ್ಟು ಹೊತ್ತಾಗಿತ್ತೋ. ಗುರುಸಿದ್ಧಪ್ಪ ಎದ್ದು ನಿಂತು, ತಪ್ಪಾತ್ರಿ ಅಕ್ಕಾ ಅಂದ. ಅವರು ಅವನ ಭುಜದ ಮೇಲೆ ಕೈ ಇಟ್ಟು, ತಪ್ಪೇನೂ ಆಗಿಲ್ಲ, ನೀನು ಮಾತು ಉಳಿಸಿಕೊಂಡಿ, ಸಾಕು ಅಂದರು. ಆಮೇಲೆ ಹೊಳೆವ್ವನ ಹತ್ತಿರ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡರು. ಒಂದು ರಾತ್ರಿ ನಿನ್ನ ಗಂಡನನ್ನು ಅಲ್ಲಿ ಇರಗೊಟ್ಟೆ, ಅದು ನನ್ನ ಪಾಪ, ಕ್ಷಮಿಸು ಎಂದು ಕೇಳಿಕೊಂಡರು. ಹೊಳೆವ್ವ ಕೈ ಬಿಡಿಸಿಕೊಳ್ಳಲಿಲ್ಲ.

"ಕಾಕು, ಕಾಕಾ ಎಲ್ಲೆದಾರ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಏರಿಯ ಆಚೆ ಜೀಪಿನ ಸದ್ದು ಕೇಳಿಸುತ್ತಿತ್ತು. ದೇಸಾಯಿ ಸಾಹೇಬರು ಹೇಳಿದ್ದಕ್ಕಿಂತ ಬೇಗ ಬಂದಿದ್ದರು.

"ಅರ್ಜುನಪ್ಪನ್ನ ಬಿಡಸು, ಶಶಿ. ತೂತು ತೋರಸು, ಗುರುಸಿದ್ಧಪ್ಪನ್ನ ಕರಕೊಂಡು ಹೋಗು, ನನ್ನ ಹೆಸರು ಹೇಳು. ನನ್ನ ಒಳಗ ಹಾಕಿದ್ರ ಹಾಕ್ಲಿ," ಅಂದರು ಕಾಕು. ಅವರ ಕಣ್ಣು ನೀರಿನ ಮೇಲಿತ್ತು. "ಆದ್ರ ಅವರು ಎಲ್ಲೆದಾರಂತ ನೀ ಕೇಳಬ್ಯಾಡ. ನಿಮ್ಮ ಕಾಕಾ ಜೀವಂತ ಉಳೀಬೇಕಂದ್ರ, ಇನ್ನ ನಾಕು ದಿನ ಯಾರೂ ಅವರನ್ನ ಹುಡುಕಬಾರದು. ನೀನೂ ಹುಡುಕಬಾರದು. ಯಾಕಂತ ಆಮ್ಯಾಲ ನಾನ ಹೇಳತೇನಿ."

ಜೀಪು ಬದುವಿನ ಹತ್ತಿರ ನಿಂತಿತು. ದೇಸಾಯಿ ಇಳಿದರು. ಹಿಂದಿನ ಸೀಟಿನಲ್ಲಿ ಇಬ್ಬರು ಪೋಲೀಸರ ನಡುವೆ ಅರ್ಜುನಪ್ಪ ಕೂತಿದ್ದ, ಕೈಗೆ ಬೇಡಿ ಹಾಕಿದ್ದರು. ಹೊಳೆವ್ವ ಅವನನ್ನು ನೋ‌ಡಿದಳು, ಆಮೇಲೆ ನನ್ನನ್ನು ನೋಡಿದಳು. ಕಾಕುವಿನ ಹೆಸರು ಹೇಳದೆ ಆ ಬೇಡಿ ಬಿಚ್ಚುವುದಿಲ್ಲ, ಹೇಳಿದರೆ ಪೋಲೀಸರು ಕಾಕಾನನ್ನು ಹುಡುಕಲಿಕ್ಕೆ ಹೊರಡುತ್ತಾರೆ.

"ಏನ್ರಿ ಶಶಿಕಾಂತ, ಸಿಕ್ತೇನು ಪುರಾವೆ?" ದೇಸಾಯಿ ಕೇಳಿದರು. "ಸಿಕ್ಕಿದ್ರ ಪೂರ್ತಿ ಹೇಳ್ರಿ. ಅರ್ಧಾ ಹೇಳಿದ್ರ ನಾ ಕೇಳೂದಿಲ್ಲ."